ಕೈ ಸುಡುವ ಎಣ್ಣೆಗೆ ನಾರಿನ ನಂಟು

ಹಸಿ ಗೇರುಬೀಜವನ್ನು ಕೆಂಡದಲ್ಲಿ ಸುಟ್ಟು ತಿಂದವರಿಗೆ ಗೊತ್ತು, ಸಿಪ್ಪೆಯೊಳಗಿನ ಎಣ್ಣೆ ಚಿಮ್ಮಿ ಭಗ್ಗನೆ ಹೊತ್ತಿಕೊಳ್ಳುತ್ತದೆ. ಕೈಗೆ ತಾಗಿದರೆ ಚರ್ಮ ಸುಲಿಯುತ್ತದೆ. ತಿರುಳಿಗೆ ಯಾರೂ ಬಾಯಿ ಹಾಕದಿರಲೆಂದು ಮರ ಇಟ್ಟುಕೊಂಡ ಕಾವಲು ಅದು. ಕರಾವಳಿಯ ಮೀನುಗಾರರು ಅದನ್ನೇ ದೋಣಿಯ ಮರಕ್ಕೆ ಬಳಿದು ನೀರು, ಹುಳುಗಳಿಂದ ಕಾಪಾಡುತ್ತಿದ್ದರು.

ಈ ಎಣ್ಣೆಯಲ್ಲಿ ಹೆಚ್ಚಿನ ಪಾಲು ಅನಾಕಾರ್ಡಿಕ್ ಆಮ್ಲ. ಕಾಯಿಸಿದರೆ ಇಂಗಾಲದ ಡೈಆಕ್ಸೈಡ್ ಹೊರಬಿದ್ದು ಕಾರ್ಡನಾಲ್ ಉಳಿಯುತ್ತದೆ. ಅದರ ಅಣುವಿಗೆ ಫೀನಾಲಿನ ತಲೆ, 15 ಇಂಗಾಲಗಳ ಉದ್ದ ಬಾಲ. 1907ರಲ್ಲಿ ಲಿಯೋ ಬೇಕ್‌ಲೆಂಡ್ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಬೆಸೆದು ಬೇಕಲೈಟ್ ಮಾಡಿದ್ದ. ಕಾರ್ಡನಾಲ್ ಕೂಡ ಹಾಗೆಯೇ ಬೆಸೆದುಕೊಂಡು ಗಟ್ಟಿ ರಾಳವಾಗುತ್ತದೆ. ಬಾಲವಿರುವುದರಿಂದ ಬೇಕಲೈಟಿನಷ್ಟು ಪೆಡಸಲ್ಲ, ನೀರನ್ನೂ ಹತ್ತಿರ ಬಿಡದು.

ಬರೀ ರಾಳಕ್ಕೆ ಎಳೆತ ತಡೆಯುವ ಶಕ್ತಿ ಸಾಲದು. ಅದಕ್ಕೆ ಸೆಣಬೋ ಕತ್ತಾಳೆ ನಾರೋ ಬೇಕು, ಗೋಡೆಯ ಮಣ್ಣಿಗೆ ಹುಲ್ಲು ಬೆರೆಸಿ ತುಳಿದ ಹಾಗೆ. ಗಾಜಿನ ನಾರು ಇವಕ್ಕಿಂತ ಬಲವಾದದ್ದು, ನಿಜ. ಆದರೆ ಒಂದು ಘನ ಸೆಂಟಿಮೀಟರ್ ಗಾಜು ಸುಮಾರು 2.5 ಗ್ರಾಂ ತೂಗಿದರೆ ಸೆಣಬು 1.5 ಗ್ರಾಂ ಆಸುಪಾಸು. ತೂಕಕ್ಕೆ ಹೋಲಿಸಿ ನೋಡಿದರೆ ಬಿಗಿತದಲ್ಲಿ ಸೆಣಬು ಅಷ್ಟೇನೂ ಹಿಂದುಳಿಯದು. ತೆಂಗಿನ ನಾರಿನ ಸ್ವಭಾವ ಬೇರೆ: ಬಿಗಿಗಿಂತ ಹಿಗ್ಗು ಹೆಚ್ಚು.

ತೊಡಕು ಇರುವುದು ನಂಟಸ್ತನದಲ್ಲಿ. ನಾರಿನ ಸೆಲ್ಯುಲೋಸ್‌ಗೆ ನೀರೆಂದರೆ ಪ್ರಾಣ, ರಾಳಕ್ಕೆ ನೀರೆಂದರೆ ಆಗದು. ಹಾಗೇ ಕೂಡಿಸಿದರೆ ಹೊರಗೆ ಹಲಗೆ ಅಂದವಾಗಿಯೇ ಕಾಣುತ್ತದೆ, ಒಳಗೆ ಎರಡೂ ಬೇರೆ ಬೇರೆ. ಮಳೆಗಾಲದಲ್ಲಿ ನಾರು ತೇವ ಹೀರಿ ಉಬ್ಬುತ್ತದೆ, ಬಿರುಕು ಬಿಡುತ್ತದೆ. ಅದಕ್ಕೇ ನಾರನ್ನು ಮೊದಲು ತೆಳು ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸುತ್ತಾರೆ. ಮೇಣ, ಅಂಟು ಕಳಚಿ ಮೈ ಒರಟಾಗುತ್ತದೆ, ರಾಳಕ್ಕೆ ಹಿಡಿತ ಸಿಗುತ್ತದೆ. ಆಮೇಲೆ ತೊಳೆದು, ಚೆನ್ನಾಗಿ ಒಣಗಿಸಿ, ರಾಳ ಕುಡಿಸಿ, ಅಚ್ಚಿನಲ್ಲಿಟ್ಟು ಬಿಸಿಯಲ್ಲಿ ಒತ್ತುವುದು. ಬಿಸಿ 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ನಾರು ಕರಕಲಾಗತೊಡಗುತ್ತದೆ.

ಯುರೋಪಿನ ಕಾರುಗಳ ಬಾಗಿಲಿನ ಒಳಹಲಗೆಗಳಲ್ಲಿ ಅಗಸೆ ನಾರು, ಪುಂಡಿ ನಾರು ಆಗಲೇ ಸೇರಿವೆ. ಹೌದು, ಉತ್ತರ ಕರ್ನಾಟಕದವರು ರೊಟ್ಟಿಗೆ ಪಲ್ಯ ಮಾಡುವ ಪುಂಡಿಯ ಬಳಗವೇ! ಆದರೆ ಅಲ್ಲಿ ನಾರನ್ನು ಹಿಡಿದಿರುವುದು ಹೆಚ್ಚಾಗಿ ಪೆಟ್ರೋಲಿಯಂ ಪ್ಲಾಸ್ಟಿಕ್. ಗೇರೆಣ್ಣೆಯ ರಾಳವಾದರೆ ಪುಡಿಯಾಗಿ ವಾಹನಗಳ ಬ್ರೇಕ್ ಲೈನಿಂಗಿಗೆ ಎಂದೋ ಹೊಕ್ಕಿದೆ.

'ಸಸ್ಯಮೂಲ' ಎಂಬ ಚೀಟಿ ಕಂಡೊಡನೆ ಮಣ್ಣಲ್ಲಿ ಕರಗುತ್ತದೆ ಎಂದುಕೊಳ್ಳಬೇಡಿ. ಬೆಸೆಯಲು ಹಾಕುವ ಫಾರ್ಮಾಲ್ಡಿಹೈಡ್ ಗೇರುಮರದ್ದಲ್ಲ. ಒಮ್ಮೆ ಗಟ್ಟಿಯಾದ ಈ ರಾಳ ಮತ್ತೆ ಕರಗಿ ಅಚ್ಚಿಗೆ ಹರಿಯುವುದೂ ಇಲ್ಲ. ಹಳೆಯ ಹಲಗೆಯನ್ನು ಪುಡಿ ಮಾಡಿ ಹೊಸದಕ್ಕೆ ಬೆರೆಸಬಹುದು, ಇಲ್ಲವೇ ಉರಿಸಬಹುದು.