ಪೊಟರೆ ಖಾಲಿ ಎನ್ನುವ ಮುನ್ನ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಾಡಿನಲ್ಲಿ ತಾರೆ, ನಂದಿ, ಮತ್ತಿಯಂಥ ಹಳೆಯ ಮರಗಳು ಪೊಟರೆ ಹೊತ್ತು ನಿಂತಿರುತ್ತವೆ. ಕೊಂಬೆ ಮುರಿದಲ್ಲಿ ನೀರಿಳಿದು, ಶಿಲೀಂಧ್ರ ಹಿಡಿದು, ತಿರುಳು ಕೊಳೆತು ದೊಡ್ಡ ಟೊಳ್ಳಾಗಲು ಹತ್ತಾರು ವರ್ಷ ಬೇಕು. ನಾಟಾ ಲೆಕ್ಕದಲ್ಲಿ ಅದು ಕೆಟ್ಟ ಮರ. ಮಂಗಟ್ಟೆ, ಹಾರುಬೆಕ್ಕು, ಗೂಬೆ, ಬಾವಲಿಗಳಿಗೆ ಅದೇ ಮನೆ. ಅಷ್ಟು ಎತ್ತರದ ಮನೆಯಲ್ಲಿ ಯಾರಿದ್ದಾರೆಂದು ತಿಳಿಯುವುದು ಹೇಗೆ?

ಬಾಗಿಲು ಮುಚ್ಚಿಕೊಳ್ಳುವ ತಾಯಿ

ಮಂಗಟ್ಟೆಗೆ ಸ್ವಂತವಾಗಿ ಪೊಟರೆ ಕೊರೆಯಲು ಬರುವುದಿಲ್ಲ, ಇದ್ದದ್ದನ್ನೇ ಹುಡುಕಬೇಕು. ಚಳಿಗಾಲದ ಕೊನೆಗೆ ದೊಡ್ಡ ಮಂಗಟ್ಟೆಯ ಹೆಣ್ಣು ಒಳಹೊಕ್ಕು, ತನ್ನ ಹಿಕ್ಕೆ ಮತ್ತು ಹಣ್ಣಿನ ತಿರುಳಿನಿಂದ ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ಹಿಡಿಯುವಷ್ಟು ಸೀಳು ಮಾತ್ರ ಉಳಿಯುತ್ತದೆ. ಒಳಗೆ ರೆಕ್ಕೆಯ ಗರಿಗಳೂ ಉದುರುತ್ತವೆ. ಮೂರು ನಾಲ್ಕು ತಿಂಗಳು ತಾಯಿ ಮರಿಗಳ ಅನ್ನ ಹೆಚ್ಚಾಗಿ ಗಂಡು ತರುವ ಅತ್ತಿ, ರಾಮಪತ್ರೆ, ಧೂಪದಂಥ ಹಣ್ಣುಗಳಿಂದ. ಗಂಡು ಹೆದರಿ ದೂರ ಉಳಿದರೆ ಒಳಗಿನವರು ಉಪವಾಸ.

ಹೀಗಾಗಿ ಗೂಡು ಕಟ್ಟುವ ಕಾಲದಲ್ಲಿ ಮರ ಹತ್ತಿ ನೋಡುವುದು ಸಲ್ಲದು. ಡ್ರೋನ್ ಹಾರಿಸುವುದೂ ಸಲ್ಲದು.

ನೆಲದ ಮೇಲಿನ ಲೆಕ್ಕ

ಮೊದಲು ಮರದ ಬುಡ ನೋಡಬೇಕು. ಹಿಕ್ಕೆಯ ರಾಶಿ, ಅದರಲ್ಲಿ ಬಗೆಬಗೆಯ ಬೀಜ, ಹೋದ ವರ್ಷದ ಬೀಜದಿಂದ ಎದ್ದ ಸಸಿಗಳು ಕಂಡರೆ ಮೇಲೆ ಗೂಡಿರುವ ಸಾಧ್ಯತೆ ಹೆಚ್ಚು. ಆಮೇಲೆ ದೂರ ಸರಿದು, ಮರೆಯಲ್ಲಿ ಕೂತು, ಬೆಳಗಿನ ಹೊತ್ತು ದುರ್ಬೀನಿನಲ್ಲಿ ಕಾಯಬೇಕು. ದೊಡ್ಡ ಮಂಗಟ್ಟೆಯ ರೆಕ್ಕೆಯ ಸದ್ದು ಹಕ್ಕಿಗಿಂತ ಮೊದಲೇ ಬರುತ್ತದೆ. ಮರದ ಜಾತಿ, ಸುತ್ತಳತೆ, ಪೊಟರೆಯ ಎತ್ತರ, ದಿಕ್ಕು, ದಿನಾಂಕ ಬರೆದುಕೊಂಡರೆ ಸಮೀಕ್ಷೆಯ ಒಂದು ಸಾಲು ಆಯಿತು.

ಬಾವಲಿ, ಹಾರುಬೆಕ್ಕುಗಳಿಗೆ ಮುಸ್ಸಂಜೆ ಸರಿಯಾದ ಹೊತ್ತು, ಹೊರಬೀಳುವಾಗ ಎಣಿಸಬೇಕು. ನಮ್ಮ ಕಿವಿಗೆಟುಕದ ಬಾವಲಿಯ ಕೂಗನ್ನು ಹಿಡಿದುಕೊಡುವ ಯಂತ್ರಗಳೂ ಇವೆ. ಮಂಗಟ್ಟೆ ಮರಿ ಹಾರಿಹೋದ ಮೇಲೆ ಪೊಟರೆಯ ಒಳಗು ನೋಡಲೇಬೇಕಿದ್ದರೆ, ಅಡಿಕೆ ಕೊನೆ ಕೊಯ್ಯುವ ಉದ್ದನೆಯ ದೋಟಿಗೆ ಸಣ್ಣ ಕ್ಯಾಮರಾ ಕಟ್ಟಬಹುದು. ಅರಣ್ಯದೊಳಗಿನ ಇಂಥ ಕೆಲಸಕ್ಕೆ ಇಲಾಖೆಯ ಅನುಮತಿ ಬೇಕು.

ಕಾಲ ತಪ್ಪಿದರೆ

ಮಂಗಟ್ಟೆ ಜೋಡಿ ಅದೇ ಪೊಟರೆಗೆ ವರ್ಷ ವರ್ಷವೂ ಮರಳುವುದುಂಟು. ಆಷಾಢದಲ್ಲಿ ಬಂದು ನೋಡಿದವರಿಗೆ ಅದು ಖಾಲಿಯೇ. ರಸ್ತೆ ಅಗಲೀಕರಣಕ್ಕೋ ವಿದ್ಯುತ್ ಮಾರ್ಗಕ್ಕೋ ಆ ಹೊತ್ತಿನಲ್ಲಿ ಮರ ಎಣಿಸಿದರೆ, ಗೂಡಿನ ಮರವೂ ಬರೀ ಒಂದು ಅಂಕಿಯಾಗುತ್ತದೆ. ಬ್ರಿಟನ್ನಿನಲ್ಲಿ ಬಾವಲಿ ಬಿಟ್ಟುಹೋದ ಪೊಟರೆಗೂ ಕಾನೂನಿನ ರಕ್ಷಣೆಯಿದೆ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಕ್ಕಿಯ ಗೂಡು, ಮೊಟ್ಟೆಗಳನ್ನು ಕೆಣಕುವುದನ್ನೂ ಬೇಟೆಯೆಂದೇ ಎಣಿಸುತ್ತದೆ. ಗೂಡಿದೆಯೆಂದು ದಾಖಲೆಯೇ ಇಲ್ಲದಿದ್ದರೆ ಆ ಕಾಯ್ದೆಯನ್ನು ಬಳಸುವುದು ಹೇಗೆ? ಮಂಗಟ್ಟೆ ಮರಗಳನ್ನು ಫೆಬ್ರುವರಿಯಿಂದ ಮೇ ನಡುವೆ ನೋಡಲೇಬೇಕು.

ಊರವರ ಕಣ್ಣು

2011ರಲ್ಲಿ ಸಿಂಗಳೀಕಗಳಿಗಾಗಿ ಅಘನಾಶಿನಿ ಸಂರಕ್ಷಣಾ ಮೀಸಲು ಘೋಷಣೆಯಾಯಿತು. ಅದರ ಹಿಂದೆ ಕಾನು ಕಾನು ಅಲೆದು ಗುಂಪುಗಳನ್ನು ಎಣಿಸಿದ ಸಂಶೋಧಕರ ಶ್ರಮವಿತ್ತು. ಬೇಡ್ತಿ ಕಣಿವೆಗೂ ಅದೇ ವರ್ಷ ಮೀಸಲಿನ ಮನ್ನಣೆ ಸಿಕ್ಕಿತು. ಆದರೆ ಪೊಟರೆ ಮರಗಳು ಮೀಸಲಿನ ಗಡಿ ನೋಡಿ ಬೆಳೆದಿಲ್ಲ. ಸೊಪ್ಪಿನ ಬೆಟ್ಟದಲ್ಲಿ, ದೇವರ ಕಾನಿನಲ್ಲಿ, ರಸ್ತೆಯಂಚಿನಲ್ಲೂ ಇವೆ.

ಅವುಗಳ ಗುರುತು ಚೆನ್ನಾಗಿರುವುದು ಸೊಪ್ಪು ಕಡಿಯುವವರಿಗೆ, ಜೇನು ಇಳಿಸುವವರಿಗೆ, ಅಡಿಕೆ ಕೊನೆ ಕೊಯ್ಯುತ್ತ ಮರದ ತುದಿಯಿಂದ ಸುತ್ತಲಿನ ಬೆಟ್ಟ ನೋಡುವ ಕೊನೆಗೌಡರಿಗೆ. ಅರುಣಾಚಲದ ಪಕ್ಕೆಯಲ್ಲಿ ನಿಶಿ ಸಮುದಾಯದ ಹಳ್ಳಿಗರೇ ಮಂಗಟ್ಟೆ ಗೂಡುಗಳ ಕಾವಲುಗಾರರಾಗಿದ್ದಾರೆ. ನಮ್ಮಲ್ಲೂ ಪಂಚಾಯಿತಿಗೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದು 2002ರ ಜೀವವೈವಿಧ್ಯ ಕಾಯ್ದೆ ಹೇಳುತ್ತದೆ. ಜನತಾ ಜೀವವೈವಿಧ್ಯ ದಾಖಲಾತಿ ಬರೆಸುವ ಹೊಣೆಯೂ ಅದರದೇ. ನಿಮ್ಮ ಬೆಟ್ಟದ ಪೊಟರೆ ಮರಗಳನ್ನು ಅದರಲ್ಲಿ ಬರೆಸಿ. ಗೂಡಿರುವ ಜಾಗದ ವಿವರ, ಚಿತ್ರಗಳನ್ನು ವಾಟ್ಸಾಪ್‌ನಲ್ಲಿ ಹಂಚಬೇಡಿ. ಸಮಿತಿಗೂ ಅರಣ್ಯ ಇಲಾಖೆಗೂ ತಿಳಿಸಿದರೆ ಸಾಕು. ಕೊಡಲಿ ಬರುವ ಮೊದಲೇ ದಾಖಲಾದ ಮರದ ಪರವಾಗಿ ವಾದಿಸಲು ಆಧಾರವಿರುತ್ತದೆ.