ಯಜಮಾನರನ್ನೂ ಕರೆತನ್ನಿ

ಮದುವೆಯಾಗಿ ವರ್ಷ ತುಂಬುತ್ತಲೇ ‘ವಿಶೇಷವೇನಾದರೂ ಉಂಟೇ?’ ಎಂಬ ಪ್ರಶ್ನೆ ಸೊಸೆಯನ್ನು ಹಿಂಬಾಲಿಸತೊಡಗುತ್ತದೆ. ಇನ್ನೊಂದು ವರ್ಷ ಕಳೆದರೆ ಕಮ್ಮಸಂದ್ರದ ಕೋಟಿಲಿಂಗೇಶ್ವರನಿಗೆ ಹರಕೆ. ಅನಂತರ ಅತ್ತೆಯೊಡನೆ ವೈದ್ಯರ ಬಾಗಿಲು. ಗಂಡ ಮಾತ್ರ ಅಲ್ಲಿ ಕಾಣಿಸನು. ಆತನು ನಸುಕಿನಲ್ಲಿಯೇ ಮಾರಿಕುಪ್ಪಂನ ರೈಲು ಹತ್ತಿ, ಬಂಗಾರಪೇಟೆಯನ್ನು ಹಾದು, ಬೆಂಗಳೂರಿನ ಕೆಲಸಕ್ಕೆ ಹೋಗಿರುತ್ತಾನೆ.

2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಎಷ್ಟೋ ಸಂಸಾರಗಳ ದಿನಚರಿ ಇದೇ ಆಗಿದೆ. ಗಣಿಯ ಕಾಲದಲ್ಲಿ ಕಾರ್ಮಿಕರ ಮನೆಮಂದಿಗೆ ಗಣಿಯದೇ ಆಸ್ಪತ್ರೆಯಿತ್ತು. ಈಗ ನೆಗಡಿಯಿಂದ ಹಿಡಿದು ಸಂತಾನದ ಚಿಂತೆಯವರೆಗೆ ಮೊದಲು ಕೇಳಬೇಕಾದವರು ಬೀದಿಯ ಕುಟುಂಬವೈದ್ಯರು. ಅವರು ಬಲ್ಲವರಾದರೆ ಸೊಸೆಯ ನಾಡಿ ಹಿಡಿಯುವ ಮುನ್ನವೇ, “ಯಜಮಾನರನ್ನೂ ಕರೆತನ್ನಿ” ಎನ್ನುತ್ತಾರೆ.

ಸಂತಾನವಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡನಲ್ಲಿಯೂ, ಕೆಲವೊಮ್ಮೆ ಗಂಡನಲ್ಲಿಯೇ, ಕೊರತೆಯಿರುತ್ತದೆ. ಆತನ ವೀರ್ಯಪರೀಕ್ಷೆಗೆ ಸೂಜಿಯ ನೋವೂ ಇಲ್ಲ. ಆದರೂ ‘ನನಗೇನಾಗಿದೆ?’ ಎಂಬ ಬಿಗುಮಾನ! ಆ ಬಿಗುಮಾನದ ಬೆಲೆಯನ್ನು ಹೆಂಡತಿ ತೆರುತ್ತಾಳೆ: ಸ್ಕ್ಯಾನು, ಗರ್ಭನಾಳದ ಪರೀಕ್ಷೆ, ಮಾತ್ರೆಗಳು, ಹೀಗೆ ಎರಡು ಮೂರು ವರ್ಷ. ಮೂವತ್ತೈದರ ಅನಂತರ ಅಂಡಗಳ ಸಂಖ್ಯೆಯೂ ಸತ್ತ್ವವೂ ಬೇಗ ಇಳಿಯುವುದರಿಂದ, ಹೋದ ವರ್ಷಗಳನ್ನು ಯಾವ ಆಸ್ಪತ್ರೆಯೂ ತಂದುಕೊಡಲಾರದು. ಹರೆಯದಲ್ಲಿ ಕೆಪ್ಪಟರಾಯನಿಂದ ಮಲಗಿದ್ದಾಗ ತನಗೆ ಮದ್ದು ಕೊಟ್ಟ ವೈದ್ಯರೇ ಕರೆದರೆ ಗಂಡ ಒಂದು ಭಾನುವಾರವಾದರೂ ಬಂದಾನು. ಆ ಕಾಯಿಲೆಯೂ ವೃಷಣಗಳನ್ನು ಕೆಡಿಸಬಲ್ಲದೆಂಬುದನ್ನು ಅವರು ಮರೆತಿರುವುದಿಲ್ಲ.

ವೀರ್ಯಾಣು ಬೆಳೆದು ಸಿದ್ಧವಾಗಲು ಎರಡೂವರೆ ಮೂರು ತಿಂಗಳು ಬೇಕು. ತಂಬಾಕು ಬಿಟ್ಟ ಮರುವಾರವೇ ಫಲ ಕೇಳುವವರಿಗೆ ಇದನ್ನು ತಿಳಿಸಬೇಕು. ‘ಗಂಡಸುತನ’ಕ್ಕೆಂದು ಯಾರೋ ಚುಚ್ಚುವ ಟೆಸ್ಟೋಸ್ಟೆರಾನ್ ವೀರ್ಯಾಣುಗಳ ಉತ್ಪತ್ತಿಯನ್ನೇ ಅಡಗಿಸುತ್ತದೆಂಬುದನ್ನಂತೂ ಒತ್ತಿ ಹೇಳಬೇಕು. ಹೆಂಡತಿಗೆ ಥೈರಾಯ್ಡ್ ಪರೀಕ್ಷೆ, ಹಿಂದೆಂದಾದರೂ ಕ್ಷಯವಿತ್ತೇ ಎಂಬ ವಿಚಾರಣೆ, ಫೋಲಿಕ್ ಆಮ್ಲದ ಮಾತ್ರೆ. ಇನ್ನೊಂದು ಪ್ರಶ್ನೆಯನ್ನು ಬೇರೆಯವರು ಕೇಳಲು ಅಂಜುತ್ತಾರೆ: ರಾತ್ರಿಪಾಳಿ, ರೈಲುಗಳ ನಡುವೆ ಇವರಿಬ್ಬರೂ ಒಟ್ಟಿಗಿರುವುದಾದರೂ ಎಂದು? ಗರ್ಭ ನಿಲ್ಲಬಹುದಾದ ದಿನಗಳು ತಿಂಗಳಿಗೆ ಆರೇಳು ಮಾತ್ರ. ಗೋಡೆಯ ಕ್ಯಾಲೆಂಡರೊಂದೇ ಕೆಲವರಿಗೆ ಔಷಧಿಯಾದುದುಂಟು.

ವರ್ಷವೊಂದು ಯತ್ನಿಸಿಯೂ ಫಲವಿಲ್ಲದಿದ್ದರೆ, ಹೆಂಡತಿಗೆ ಮೂವತ್ತೈದು ದಾಟಿದ್ದರೆ ಆರೇ ತಿಂಗಳಿಗೆ, ತಜ್ಞರಲ್ಲಿಗೆ ಕಳುಹಿಸುವುದು ಕ್ರಮ. ಪ್ರನಾಳಶಿಶು ಚಿಕಿತ್ಸಾಲಯಗಳು 2021ರ ಕಾಯಿದೆಯಂತೆ ನೋಂದಣಿಯಾಗಿರಬೇಕು. ಅದನ್ನು ನೋಡಿಯೇ ವೈದ್ಯರು ಪತ್ರ ಬರೆದುಕೊಡುತ್ತಾರೆ. ಪರೀಕ್ಷೆಯ ಫಲವನ್ನು ಓದುವಾಗ ಮಾತ್ರ ಅವರ ಕೋಣೆಯಲ್ಲಿ ಗಂಡಹೆಂಡಿರಿಬ್ಬರೇ ಇರಬೇಕು. ಅತ್ತೆಯವರು ಹೊರಗಿನ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕುಳಿತಿರಲಿ.