ಬೆಳಕಿನ ವ್ಯಾಕರಣ

ನಾಟಕಕ್ಕೆ ಬೆಳಕನ್ನು ಯೋಜಿಸುವ ಕಲೆಯನ್ನು ತರಗತಿಯಲ್ಲಿ ಕುಳ್ಳಿರಿಸಿ ಕಲಿಸಲು ಸಾಧ್ಯವೇ? ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಸ್ಟಾನ್ಲಿ ಮೆಕ್‌ಕ್ಯಾಂಡ್ಲೆಸ್ ಎಂಬ ಅಧ್ಯಾಪಕರು 1920ರ ದಶಕದಲ್ಲಿಯೇ ಕಲಿಸತೊಡಗಿದರು. ವಾಸ್ತುಶಿಲ್ಪ ಓದಿದ್ದ ಈ ಮಹನೀಯರ ವಿಧಾನ 1932ರಲ್ಲಿ ಪುಸ್ತಕವಾಗಿಯೂ ಹೊರಬಂದಿತು.

ವಿಧಾನ ಸರಳ. ರಂಗವನ್ನು ಕೆಲವು ಭಾಗಗಳಾಗಿ ವಿಂಗಡಿಸಬೇಕು. ಒಂದೊಂದು ಭಾಗಕ್ಕೂ ಎರಡೆರಡು ದೀಪ. ನಟನ ಎದುರಿನಿಂದ, ಎಡಕ್ಕೊಂದು ಬಲಕ್ಕೊಂದು, 45 ಡಿಗ್ರಿ ಓರೆಯಾಗಿ, ಅಷ್ಟೇ ಕೋನದ ಎತ್ತರದಿಂದ. ಒಂದರ ಬಣ್ಣ ಬೆಚ್ಚಗಿನದು, ಮತ್ತೊಂದರದು ತಣ್ಣಗಿನದು. ಬೆಳಕು ನೇರ ಎದುರಿನಿಂದಲೇ ಬಿದ್ದರೆ ಮುಖ ಸುಣ್ಣ ಬಳಿದ ಗೋಡೆಯಂತೆ ಚಪ್ಪಟೆಯಾಗುತ್ತದೆ. ಓರೆಯಾಗಿ ಬಿದ್ದಾಗ ಮೂಗು, ಕೆನ್ನೆ, ಕಣ್ಣಿನ ಕುಳಿಗಳು ರೂಪ ತಳೆಯುತ್ತವೆ. ತಣ್ಣನೆಯ ಬದಿ ನೆರಳಿನಂತೆ ತೋರುತ್ತದೆ, ಆದರೆ ಕತ್ತಲಾಗುವುದಿಲ್ಲ. ನಟನ ಕಣ್ಣು ಕೊನೆಯ ಸಾಲಿನವರಿಗೂ ಕಾಣಬೇಡವೇ!

ಇದು ಶುದ್ಧ ವ್ಯಾಕರಣ. ಮೂವತ್ತು ವರ್ಷ ಸಂಧಿ ಸಮಾಸಗಳನ್ನು ಬೋಧಿಸಿದ ನಾನು ಅದನ್ನು ಹಗುರವಾಗಿ ಕಾಣಲಾರೆ. ಆದರೆ ಅವರ ಶಿಷ್ಯೆ ಜೀನ್ ರೋಸೆಂಥಾಲ್, ಮುಂದೆ ಮಾರ್ಥಾ ಗ್ರಹಾಂ ಅವರ ನೃತ್ಯಗಳಿಗೆ ದೀಪ ಜೋಡಿಸುವಾಗ ಬೆಳಕನ್ನು ಪಕ್ಕಗಳಿಂದ ತಂದರು. ನೃತ್ಯದಲ್ಲಿ ಮುಖಕ್ಕಿಂತ ಮೈಯ ಚಲನೆ ಮುಖ್ಯ. ಅದಕ್ಕೆ ಗುರುವಿನ ಕೋನ ಸಾಲದು. ಏಕೆ ಸಾಲದೆಂಬುದು ಆ ಕೋನವನ್ನು ಕಲಿತಿದ್ದ ಆಕೆಗೆ ತಿಳಿದಿತ್ತು.

ನನ್ನ ತರಗತಿಯಲ್ಲೊಬ್ಬ ಹುಡುಗ ಸೂತ್ರ ಮೀರಿ ವಾಕ್ಯ ಕಟ್ಟುತ್ತಿದ್ದ. ಪ್ರತಿ ಸಲವೂ ಕೆಂಪು ಗೆರೆ ಎಳೆದೆ. ಹಾಗೇಕೆ ಬರೆದೆಯಪ್ಪಾ ಎಂದು ಒಮ್ಮೆಯೂ ಕೇಳಲಿಲ್ಲ.